ಸಣ್ಣ ನಾಯಿಯ ಹಲ್ಲು ಕ್ಲೀನಿಂಗ್‌ಗೆ ಎಷ್ಟಾಗುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡ್ಲೆಗೆ ಏಳು ವರ್ಷ, ತೂಕ 5.4 ಕೆಜಿ. ಎಲ್ಲರೂ ಪಾಮೇರಿಯನ್ ಅಂತಾರೆ, ಬೆಂಗಳೂರಿನಲ್ಲಿ ಪಾಮೇರಿಯನ್ ಅನ್ನಿಸಿಕೊಂಡ ಬಹಳಷ್ಟು ನಾಯಿಗಳ ಹಾಗೆ ಅವನೂ ಇಂಡಿಯನ್ ಸ್ಪಿಟ್ಜ್ ತಳಿ ಇರಬೇಕು. ಹೋದ ವರ್ಷ ಅವನ ಹಲ್ಲು ಕ್ಲೀನ್ ಮಾಡಿಸಿದೆವು. ಅಂದಿನಿಂದ ವಿಜಯನಗರದ ಪಾರ್ಕಿನಲ್ಲಿ ನಾಯಿ ಹಿಡಿದುಕೊಂಡು ಸಿಗುವವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಎಷ್ಟಾಯ್ತು?’ ಉತ್ತರ ಹೇಳಿದ ಮೇಲೆ ಇನ್ನೂ ಹತ್ತು ಪ್ರಶ್ನೆ ಬರುತ್ತವೆ. ನಾನು ಡಾಕ್ಟರ್ ಅಲ್ಲ. ಬಿಲ್ ಕಟ್ಟಿದವಳು, ಕಟ್ಟುವ ಮೊದಲು ಡಾಕ್ಟರ ತಲೆ ತಿಂದವಳು, ಅಷ್ಟೇ.

ಸುತ್ತಿ ಬಳಸಿ ಬೇಡ, ಒಟ್ಟು ಎಷ್ಟಾಯ್ತು?

ರೂ. 16,840. ಇದರಲ್ಲಿ ನಾಲ್ಕು ಹಲ್ಲು ಕಿತ್ತಿದ್ದೂ ಸೇರಿದೆ. ಕೀಳುವುದು ಇರಲಿಲ್ಲ ಅಂದಿದ್ದರೆ ಸುಮಾರು 13,000ಕ್ಕೆ ಮುಗಿಯುತ್ತಿತ್ತು. ಅದಕ್ಕೂ ಮೊದಲು ನಾಲ್ಕು ಕ್ಲಿನಿಕ್‌ಗೆ ಫೋನ್ ಮಾಡಿದ್ದೆ. ಒಬ್ಬರು 3,500 ಅಂದರು, ಒಬ್ಬರು 14,000 ಅಂದರು, ಉಳಿದಿಬ್ಬರು ನಡುವೆ ಎಲ್ಲೋ. ಒಂದೇ ಊರು, ಒಂದೇ ನಾಯಿ, ರೇಟ್ ನಾಲ್ಕು ಪಟ್ಟು ವ್ಯತ್ಯಾಸ. ಮೊದಲು ನನಗೂ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಅವರು ಹೇಳುತ್ತಿದ್ದದ್ದು ಒಂದೇ ಕೆಲಸದ ರೇಟ್ ಅಲ್ಲವೇ ಅಲ್ಲ.

ನಮ್ಮ ಅಮ್ಮನ ಪ್ರತಿಕ್ರಿಯೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ನಾಯಿ ಹಲ್ಲಿಗೆ ಹದಿನಾರು ಸಾವಿರನಾ? ನನ್ನ ಹಲ್ಲು ಸೆಟ್ಟಿಗೇ ಅಷ್ಟು ಆಗಿಲ್ವಲ್ಲೇ!’

ಆ ದುಡ್ಡೆಲ್ಲ ಎಲ್ಲಿಗೆ ಹೋಯಿತು?

ಬಿಲ್ ಇನ್ನೂ ಡ್ರಾಯರಿನಲ್ಲಿದೆ, ನೋಡಿಕೊಂಡೇ ಬರೆಯುತ್ತಿದ್ದೇನೆ.

ಕನ್ಸಲ್ಟೇಶನ್: 600
ರಕ್ತ ಪರೀಕ್ಷೆ, ಲಿವರ್ ಕಿಡ್ನಿ ಸೇರಿ: 2,200
ಅರಿವಳಿಕೆ, ಗ್ಯಾಸ್, ಮಾನಿಟರ್: 4,500
ಸ್ಕೇಲಿಂಗ್ (ಗಟ್ಟಿ ಕೊಳೆ ಕೆರೆದು ತೆಗೆಯುವುದು), ಪಾಲಿಶಿಂಗ್: 4,000
ಹಲ್ಲು ಕೀಳುವುದು, ಮುಂದಿನ ಮೂರು ಚಿಕ್ಕವು ತಲಾ 400, ಮೇಲಿನ ದೊಡ್ಡ ದವಡೆ ಹಲ್ಲು 2,500: ಒಟ್ಟು 3,700
ಡ್ರಿಪ್, ಇಂಜೆಕ್ಷನ್‌ಗಳು: 1,100
ಮನೆಗೆ ಕೊಟ್ಟ ಔಷಧಿ: 740

ಇದರಲ್ಲಿ ಹಲ್ಲು ಉಜ್ಜಿದ್ದಕ್ಕೆ ಹೋಗಿದ್ದು ನಾಲ್ಕೇ ಸಾವಿರ. ಕಾಲು ಭಾಗಕ್ಕಿಂತ ಕಮ್ಮಿ. ನಾವು ‘ಹಲ್ಲಿನ ಖರ್ಚು’ ಅಂದುಕೊಳ್ಳುತ್ತೇವೆ, ಆದರೆ ಬಿಲ್ಲಿನಲ್ಲಿ ದೊಡ್ಡ ಪಾಲು ನಾಯಿಯನ್ನು ಸುರಕ್ಷಿತವಾಗಿ ಮಲಗಿಸಿ ಸುರಕ್ಷಿತವಾಗಿ ಎಬ್ಬಿಸುವುದಕ್ಕೆ ಹೋಗುತ್ತೆ. ಯಾರಾದರೂ ತುಂಬಾ ಕಮ್ಮಿ ರೇಟ್ ಹೇಳಿದರೆ, ಕಮ್ಮಿ ಮಾಡಿದ್ದು ಎಲ್ಲಿ ಅಂತ ನೋಡಿ. ಹೆಚ್ಚಾಗಿ ಈ ಪಾಲಿನಲ್ಲೇ ಮಾಡಿರುತ್ತಾರೆ.

ಹಾಗಾದರೆ 3,500 ಅಂದವರು ಮೋಸ ಮಾಡ್ತಾರಾ?

ಹಾಗೇನಿಲ್ಲ. ಅವರು ಬರೀ ಸ್ಕೇಲಿಂಗ್ ರೇಟ್ ಹೇಳಿದ್ದರು. ನಾನು ಕೆದಕಿ ಕೇಳಿದಾಗ ಮಾತು ಹೀಗೆ ನಡೆಯಿತು.

‘ಸಾರ್, ಬ್ಲಡ್ ಟೆಸ್ಟ್ ಸೇರಿದೆಯಾ?’
‘ಅದು ಬೇಡ ಮೇಡಂ, ನಾಯಿ ಆಕ್ಟಿವ್ ಆಗಿದ್ರೆ ಸಾಕು.’
‘ಮಲಗಿಸೋದು ಗ್ಯಾಸಲ್ಲಾ?’
‘ಇಂಜೆಕ್ಷನ್ ಮೇಡಂ. ಅರ್ಧ ಗಂಟೆ ಕೆಲಸ.’
‘ಗಂಟಲಿಗೆ ಟ್ಯೂಬ್ ಹಾಕ್ತೀರಾ?’
‘ಇಷ್ಟು ಚಿಕ್ಕ ನಾಯಿಗೆ ಯಾಕೆ ಮೇಡಂ?’

ಇಲ್ಲಿಗೆ ನಾನು ಫೋನ್ ಇಟ್ಟೆ. ಟ್ಯೂಬ್ ಯಾಕೆ ಬೇಕು ಅಂತ ನಮ್ಮ ಡಾಕ್ಟರ್ ಹೇಳಿದ್ದು ನನಗೆ ಸರಿಯಾಗಿ ತಲೆಗೆ ಹೋಗಿತ್ತು. ಕೊಳೆ ಕೆರೆಯುವ ಸ್ಕೇಲರ್ ಮಿಷನ್ನಿನ ತುದಿ ಬಿಸಿಯಾಗಬಾರದು ಅಂತ ಅದರ ಮೇಲೆ ಒಂದೇ ಸಮ ನೀರು ಚಿಮ್ಮುತ್ತಲೇ ಇರುತ್ತೆ. ಆ ನೀರು, ಹಲ್ಲಿನಿಂದ ಎದ್ದ ಕೊಳೆ, ರಕ್ತ, ಬ್ಯಾಕ್ಟೀರಿಯಾ ಎಲ್ಲ ಗಂಟಲಿನ ಕಡೆಗೇ ಹರಿಯುತ್ತೆ. ಮತ್ತಿನಲ್ಲಿರುವ ನಾಯಿಗೆ ಕೆಮ್ಮಿ ಹೊರಹಾಕುವ ಶಕ್ತಿ ಇಲ್ಲ. ಶ್ವಾಸನಾಳದಲ್ಲಿ ಟ್ಯೂಬ್ ಇದ್ದು, ಅದರ ಸುತ್ತ ಗಾಳಿ ತುಂಬಿದ ಪುಟ್ಟ ಬಲೂನು ದಾರಿ ಮುಚ್ಚಿದ್ದರೆ ಶ್ವಾಸಕೋಶಕ್ಕೆ ಏನೂ ಇಳಿಯಲ್ಲ. ಅದೇ ಟ್ಯೂಬಿನಿಂದ ಆಕ್ಸಿಜನ್ನೂ ಹೋಗುತ್ತೆ, ಐಸೋಫ್ಲೂರೇನ್ ಅನ್ನುವ ಅರಿವಳಿಕೆ ಗ್ಯಾಸೂ ಹೋಗುತ್ತೆ. ಗ್ಯಾಸನ್ನು ಬೇಕಾದಾಗ ಕಮ್ಮಿ ಜಾಸ್ತಿ ಮಾಡಬಹುದು, ಕೊಟ್ಟ ಇಂಜೆಕ್ಷನ್ನನ್ನು ಹಾಗೆಲ್ಲ ವಾಪಸ್ ತಗೊಳ್ಳೋಕೆ ಆಗಲ್ಲ.

ಫೋನಿನಲ್ಲಿ ಏನೇನು ಕೇಳಬೇಕು?

ಮೇಲಿನ ಮೂರರ ಜೊತೆ ಇನ್ನೂ ಮೂರು ಕೇಳಿ. ಡಾಕ್ಟರ್ ಕ್ಲೀನ್ ಮಾಡುತ್ತಿರುವಾಗ ಉಸಿರು, ಎದೆಬಡಿತ ನೋಡಿಕೊಳ್ಳಲು ಬೇರೆ ಒಬ್ಬರು ಇರುತ್ತಾರಾ? ಪಾಲಿಶಿಂಗ್ ಸೇರಿದೆಯಾ? ಹಲ್ಲು ಕೀಳಬೇಕಾದರೆ ಒಂದಕ್ಕೆ ಎಷ್ಟು? ಆಮೇಲೆ ‘ಇದನ್ನೆಲ್ಲ ಬಿಡಿಬಿಡಿಯಾಗಿ ಬರೆದು ವಾಟ್ಸಾಪ್ ಮಾಡ್ತೀರಾ’ ಅಂತ ಕೇಳಿ. ಒಳ್ಳೆಯ ಕ್ಲಿನಿಕ್‌ನವರು ಬೇಜಾರು ಮಾಡಿಕೊಳ್ಳದೆ ಕಳಿಸುತ್ತಾರೆ. ಪಾಲಿಶಿಂಗ್ ಅಂದರೆ ಬರೀ ಶೋಕಿ ಅಂದುಕೊಂಡಿದ್ದೆ. ಸ್ಕೇಲಿಂಗ್ ಆದ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಗೀರು ಉಳಿಯುತ್ತೆ, ಅದನ್ನು ನುಣುಪು ಮಾಡದಿದ್ದರೆ ಕೊಳೆ ಇನ್ನೂ ಬೇಗ ಹಿಡಿಯುತ್ತೆ.

ನಾಯಿ ಇಷ್ಟು ಚಿಕ್ಕದು, ರೇಟ್ ಮಾತ್ರ ಯಾಕೆ ಚಿಕ್ಕದಲ್ಲ?

ಪಾರ್ಕಿನಲ್ಲಿ ಲ್ಯಾಬ್ರಡಾರ್ ಸಾಕಿದ ಯಜಮಾನರೊಬ್ಬರು ಇದನ್ನು ಕೇಳಿ ನಕ್ಕಿದ್ದರು. ಅವರ 32 ಕೆಜಿ ನಾಯಿಗೂ 42 ಹಲ್ಲು, ನಮ್ಮ ಕಡ್ಲೆಗೂ 42 ಹಲ್ಲು. ಅಷ್ಟೂ ಹಲ್ಲು ಒಂದು ಬೆಂಕಿಪೊಟ್ಟಣ ಹಿಡಿಸುವಷ್ಟು ಬಾಯಲ್ಲಿ. ಜಾಗ ಸಾಲದೆ ಒಂದರ ಮೇಲೊಂದು ಓರೆಯಾಗಿ ಕೂತಿರುತ್ತವೆ, ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತೆ, ವಸಡು ಬೇಗ ಹಾಳಾಗುತ್ತೆ. ಪಾಮೇರಿಯನ್, ಶಿಟ್ಜೂ, ಡ್ಯಾಶ್‌ಹುಂಡ್, ಪಗ್, ಚಿವಾವಾ, ಎಲ್ಲದರದ್ದೂ ಇದೇ ಕಥೆ.

ತೂಕ ಕಮ್ಮಿ ಅಂದರೆ ಔಷಧಿಯ ಪ್ರಮಾಣ ಕಮ್ಮಿ, ಅಲ್ಲಿ ನೂರಿನ್ನೂರು ಉಳಿಯಬಹುದು. ಡಾಕ್ಟರ ಸಮಯ, ಮಿಷನ್, ಮಾನಿಟರ್ ಎಲ್ಲ ಅಷ್ಟೇ. ಕೆಲವು ವಿಷಯದಲ್ಲಿ ಚಿಕ್ಕ ನಾಯಿಯೇ ಕಷ್ಟ. ಮೈ ಬೇಗ ತಣ್ಣಗಾಗುತ್ತೆ, ಹಾಗಾಗಿ ಕೆಲಸ ಮುಗಿಯುವವರೆಗೂ ಬೆಚ್ಚಗಿಡಬೇಕು. ಕೆಳದವಡೆಯ ಮೂಳೆ ತೆಳು, ವಸಡಿನ ರೋಗದಿಂದ ಅದೂ ಸವೆದಿದ್ದರೆ ಹಲ್ಲು ಕೀಳುವಾಗ ದವಡೆಯೇ ಮುರಿಯುವ ಅಪಾಯ ಇರುತ್ತೆ.

ಅರಿವಳಿಕೆ ಕೊಡದೆ ಕ್ಲೀನ್ ಮಾಡ್ತಾರಂತೆ, 800 ರೂಪಾಯಿ ಅಷ್ಟೇ. ಅದು ಸಾಕಲ್ವಾ?

ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನೇ ಅಲ್ಲಿ ಬಿದ್ದವಳು.

ಕಡ್ಲೆಗೆ ಐದೂವರೆ ವರ್ಷ ಇದ್ದಾಗ ಒಂದು ಗ್ರೂಮಿಂಗ್ ಜಾಗಕ್ಕೆ ಸ್ನಾನಕ್ಕೆ ಕರೆದುಕೊಂಡು ಹೋಗಿದ್ದೆ. ಅವರೇ ‘ಹಲ್ಲೂ ಮಾಡಿಬಿಡ್ತೀವಿ’ ಅಂದರು. ಒಬ್ಬ ಹುಡುಗ ಅವನನ್ನು ಟವೆಲ್‌ನಲ್ಲಿ ಸುತ್ತಿ ಹಿಡಿದುಕೊಂಡ, ಇನ್ನೊಬ್ಬ ಕೊಕ್ಕೆಯಂಥ ಕಡ್ಡಿಯಲ್ಲಿ ಕೆರೆದು ಕಂದು ಬಣ್ಣದ ಗಟ್ಟಿ ಚೂರುಗಳನ್ನು ಟಿಶ್ಯೂ ಮೇಲೆ ಇಟ್ಟು ತೋರಿಸಿದ. ಗೋಡೆಯಿಂದ ಗಾರೆ ಕಿತ್ತ ಹಾಗೆ ಚೆನ್ನಾಗಿಯೇ ಕಿತ್ತು ಬಂದಿತ್ತು. ಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ನಾನು ಫೋಟೋ ತೆಗೆದು ತಂಗಿಗೆ ಕಳಿಸಿದೆ. ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವನ ಬಲಗಣ್ಣಿನ ಕೆಳಗೆ ಕಡಲೆಕಾಳಿನಷ್ಟು ಊತ. ಕಣ್ಣಿಗೇನೋ ಕಚ್ಚಿದೆ ಅಂದುಕೊಂಡು ಹೋದರೆ ಡಾಕ್ಟರ್ ಕಣ್ಣನ್ನು ಮುಟ್ಟಲೇ ಇಲ್ಲ, ತುಟಿ ಎತ್ತಿ ಮೇಲಿನ ದೊಡ್ಡ ದವಡೆ ಹಲ್ಲು ತೋರಿಸಿದರು. ಬೇರಿನಲ್ಲಿ ಕೀವು. ಆ ಹಲ್ಲಿನ ಬೇರು ಕಣ್ಣಿನ ಕೆಳಗಿನ ತನಕ ಹೋಗಿರುತ್ತೆ, ಕೀವು ದಾರಿ ಹುಡುಕಿಕೊಂಡು ಅಲ್ಲಿಗೆ ಬರುತ್ತೆ.

ಆಗಿದ್ದೇನು ಅಂದರೆ, ಕಾಣುವ ಭಾಗ ಬೆಳ್ಳಗಾಗಿತ್ತು, ರೋಗ ಇದ್ದದ್ದು ವಸಡಿನ ಒಳಗೆ. ಎಚ್ಚರ ಇರುವ ನಾಯಿಯ ವಸಡಿನೊಳಗೆ ಚೂಪಾದ ಸಾಧನ ಹಾಕಲು ಯಾವ ನಾಯಿಯೂ ಬಿಡಲ್ಲ, ಬಿಡಬಾರದು ಕೂಡ. ಹಲ್ಲು ಬೆಳ್ಳಗೆ ಕಂಡಿದ್ದರಿಂದಲೇ ನಾನು ಆರಾಮಾಗಿ ಕೂತುಬಿಟ್ಟೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರು ಸ್ನಾನ ಮಾಡಿಸುವವರು. ಅಮೆರಿಕದ ಪ್ರಾಣಿ ದಂತ ತಜ್ಞರ ಸಂಸ್ಥೆ, ಅಲ್ಲಿನ ಪ್ರಾಣಿ ಆಸ್ಪತ್ರೆಗಳ ಸಂಘ ಎರಡೂ ಈ ಥರದ ಕ್ಲೀನಿಂಗ್ ಬೇಡ ಅಂತ ಸ್ಪಷ್ಟವಾಗಿ ಹೇಳಿವೆ. ನನಗೆ ಆಗ ಗೊತ್ತಿರಲಿಲ್ಲ. 800 ಉಳಿಸಲು ಹೋದವಳಲ್ಲ, 800 ಕಳೆದು ಆಮೇಲೆ 16,840 ಕೊಟ್ಟವಳು.

ಅರಿವಳಿಕೆ ಅಂದರೆ ಭಯ ಆಗುತ್ತೆ. ನಾಯಿ ಏಳದೇ ಹೋದರೆ?

ನನಗೂ ಇದ್ದ ಭಯ ಇದೊಂದೇ. ಅಪಾಯ ಸೊನ್ನೆ ಅಂತ ಯಾವ ಡಾಕ್ಟರೂ ಹೇಳಲ್ಲ, ಹೇಳಿದರೆ ನಂಬಬೇಡಿ. ಬ್ರಿಟನ್‌ನಲ್ಲಿ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಆರೋಗ್ಯವಾಗಿದ್ದ ನಾಯಿಗಳಲ್ಲಿ ಸಾವು ಸುಮಾರು 2,000ಕ್ಕೆ ಒಂದು. ಮೊದಲೇ ಕಾಯಿಲೆ ಇದ್ದವುಗಳಲ್ಲಿ ಸುಮಾರು 75ಕ್ಕೆ ಒಂದು. ಈ ಎರಡು ಅಂಕಿಗಳ ನಡುವೆ ಎಷ್ಟು ಅಂತರ ಇದೆ ನೋಡಿ. ಮೊದಲು ರಕ್ತ ಪರೀಕ್ಷೆ ಮಾಡಿಸುವುದು, ಹೃದಯ ಕೇಳಿಸುವುದು ಇದಕ್ಕೇ, ನಮ್ಮ ನಾಯಿ ಯಾವ ಗುಂಪಿನಲ್ಲಿದೆ ಅಂತ ತಿಳಿಯುವುದಕ್ಕೆ.

ವಯಸ್ಸಾಗಿದೆ ಅನ್ನುವುದೊಂದೇ ಕಾರಣಕ್ಕೆ ಬೇಡ ಅನ್ನುವ ಹಾಗಿಲ್ಲ. ಹತ್ತು ವರ್ಷದ ನಾಯಿಯ ರಕ್ತ, ಹೃದಯ ಚೆನ್ನಾಗಿದ್ದರೆ ಮಾಡುತ್ತಾರೆ. ಸಣ್ಣ ತಳಿಗಳಲ್ಲಿ ವಯಸ್ಸಾದ ಮೇಲೆ ಹೃದಯದ ಕವಾಟ ಸೋರುವುದು ಸಾಮಾನ್ಯ. ಸ್ಟೆತಸ್ಕೋಪಿನಲ್ಲಿ ಬೇರೆ ಸದ್ದು ಕೇಳಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅನ್ನುತ್ತಾರೆ, ಆಗ ಖರ್ಚು ಇನ್ನೂ ಏರುತ್ತೆ. ಪಗ್, ಶಿಟ್ಜೂ ಸಾಕಿದವರು ಇನ್ನೊಂಚೂರು ಜಾಸ್ತಿ ಎಚ್ಚರ ವಹಿಸಿ. ಚಪ್ಪಟೆ ಮೂಗಿನವಕ್ಕೆ ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ಉಸಿರಿನ ದಾರಿ ಕಟ್ಟಿಕೊಳ್ಳಬಹುದು, ಪೂರ್ತಿ ಎಚ್ಚರ ಆಗುವ ತನಕ ಯಾರಾದರೂ ಪಕ್ಕದಲ್ಲೇ ಇರಬೇಕು. ಹಚ್ ಜಾಹೀರಾತು ನೋಡಿ ಪಗ್ ತಂದವರಿಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ ಬಿಡಿ.

ರಕ್ತ ಪರೀಕ್ಷೆ ಬಿಟ್ಟರೆ 2,200 ಉಳಿಯುತ್ತಲ್ಲಾ?

ಉಳಿಸಬೇಡಿ. ಲಿವರ್, ಕಿಡ್ನಿ ನೋಡುವುದು ಒಂದು ಕಾರಣ. ನಮ್ಮ ಕಡೆಗೆ ಇನ್ನೊಂದು ಕಾರಣ ಇದೆ, ಉಣ್ಣಿ. ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್‌ನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತೆ, ನಾಯಿ ಮೇಲ್ನೋಟಕ್ಕೆ ಓಡಾಡಿಕೊಂಡೇ ಇರಬಹುದು. ಅಂಥ ನಾಯಿಗೆ ಹಲ್ಲು ಕಿತ್ತರೆ ರಕ್ತ ನಿಲ್ಲಲ್ಲ. ಪಾರ್ಕಿನ ಗೆಳತಿಯೊಬ್ಬಳ ಡ್ಯಾಶ್‌ಹುಂಡ್‌ಗೆ ಹೀಗೇ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಮ್ಮಿ ಬಂದು, ಮೊದಲು ಅದಕ್ಕೆ ಔಷಧಿ ಕೊಟ್ಟು, ಒಂದೂವರೆ ತಿಂಗಳಾದ ಮೇಲೆ ಕ್ಲೀನಿಂಗ್ ಮಾಡಿದರು.

ಎಕ್ಸ್‌ರೇ ಬೇಕೇ ಬೇಕಾ?

ಇದ್ದರೆ ತುಂಬಾ ಒಳ್ಳೆಯದು. ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಭಾಗ ವಸಡಿನ ಒಳಗಿರುತ್ತೆ, ಅದನ್ನು ನೋಡಲು ಬೇರೆ ದಾರಿ ಇಲ್ಲ. ಆದರೆ ಹಲ್ಲಿಗೇ ಅಂತ ಇರುವ ಪುಟ್ಟ ಎಕ್ಸ್‌ರೇ ಮಿಷನ್ ಎಲ್ಲ ಕ್ಲಿನಿಕ್‌ಗಳಲ್ಲೂ ಇರಲ್ಲ, ಇರುವ ಕಡೆ ಬಿಲ್ ಏರುತ್ತೆ. ನನಗೆ 14,000 ಹೇಳಿದ ಕ್ಲಿನಿಕ್‌ನಲ್ಲಿ ಇದೂ ಸೇರಿತ್ತು. ನಾವು ಹೋದ ಕಡೆ ಅದು ಇರಲಿಲ್ಲ. ಅಲ್ಲಿನ ಡಾಕ್ಟರ್ ತೆಳ್ಳಗಿನ ಅಳತೆ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ವಸಡು ಎಷ್ಟು ಆಳ ಬಿಟ್ಟಿದೆ ಅಂತ ನೋಡಿ ಬರೆದುಕೊಂಡರು. ಈಗ ಯೋಚಿಸಿದರೆ ಎಕ್ಸ್‌ರೇ ಇರುವ ಕಡೆಗೇ ಹೋಗಬೇಕಿತ್ತು ಅನ್ನಿಸುತ್ತೆ.

ಎಷ್ಟು ಹಲ್ಲು ಕೀಳಬೇಕು ಅಂತ ಮೊದಲೇ ಹೇಳಲ್ವಾ?

ಪೂರ್ತಿ ಹೇಳೋಕೆ ಆಗಲ್ಲ. ಎಚ್ಚರ ಇದ್ದಾಗ ಬಾಯಿ ತೆರೆದು ನೋಡುವುದು ಒಂದು ಅಂದಾಜು ಮಾತ್ರ. ಟಾರ್ಟರ್, ಅಂದರೆ ಹಲ್ಲಿಗೆ ಅಂಟಿದ ಗಟ್ಟಿ ಕೊಳೆ, ತೆಗೆದ ಮೇಲೇ ಗೊತ್ತಾಗುವುದು, ಕೆಲವು ಹಲ್ಲು ಆ ಟಾರ್ಟರ್‌ನ ಆಸರೆಯಲ್ಲೇ ನಿಂತಿರುತ್ತವೆ. ಕಡ್ಲೆಯ ಮುಂದಿನ ಮೂರು ಹಲ್ಲು ಹಾಗೇ ಇದ್ದವು. ಅವನ್ನು ಕೀಳುವುದು ಸುಲಭ, ಒಂದೇ ಬೇರು, ಹಾಗಾಗಿ 400. ದೊಡ್ಡ ದವಡೆ ಹಲ್ಲಿಗೆ ಮೂರು ಬೇರು. ಅದನ್ನು ಮಿಷನ್ನಿನಲ್ಲಿ ಮೂರು ತುಂಡು ಮಾಡಿ ಒಂದೊಂದೇ ಬೇರು ಬಿಡಿಸಿ, ಆಮೇಲೆ ವಸಡಿಗೆ ಹೊಲಿಗೆ ಹಾಕಬೇಕು. ಅದಕ್ಕೇ 2,500.

ಒಂದು ಕೆಲಸ ಮಾಡಿ. ಒಳಗೆ ಕರೆದುಕೊಂಡು ಹೋಗುವ ಮೊದಲೇ ‘ಕೀಳಬೇಕಾದರೆ ಫೋನ್ ಮಾಡಿ’ ಅಂತ ಹೇಳಿ, ಇಷ್ಟು ರೂಪಾಯಿ ತನಕ ಕೇಳದೇ ಮಾಡಬಹುದು ಅಂತ ಒಂದು ಮಿತಿಯನ್ನೂ ಕೊಡಿ. ಆಮೇಲೆ ಫೋನ್ ಕೈಯಲ್ಲೇ ಇರಲಿ. ನಾಯಿ ಅಲ್ಲಿ ಮತ್ತಿನಲ್ಲಿ ಮಲಗಿರುತ್ತೆ, ನೀವು ಕಾಲ್ ತೆಗೆಯದೆ ಅವರು ಕಾಯುವ ಹಾಗಾಗಬಾರದು.

ಸರ್ಕಾರಿ ಆಸ್ಪತ್ರೆಯಲ್ಲಿ ಮಾಡ್ತಾರಾ?

ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1958ರಿಂದ ಇರುವ ಕಾಲೇಜು. ಅಲ್ಲಿ ಶುಲ್ಕ ಖಾಸಗಿಗಿಂತ ತುಂಬಾ ಕಮ್ಮಿ, ಸರ್ಜರಿ ಓದಿದ ಪ್ರೊಫೆಸರ್‌ಗಳೇ ಇರುತ್ತಾರೆ, ಸುತ್ತ ವಿದ್ಯಾರ್ಥಿಗಳೂ ಇರುತ್ತಾರೆ. ಬೆಳಗ್ಗೆ ಬೇಗ ಹೋಗಬೇಕು, ಸರದಿಯಲ್ಲಿ ಕಾಯಬೇಕು, ಒಂದೇ ದಿನಕ್ಕೆ ಎಲ್ಲ ಮುಗಿಯಲ್ಲ. ರಜೆ ಹಾಕಲು ಆಗುವವರಿಗೆ, ನಾಯಿಗೆ ಗಲಾಟೆ ಅಭ್ಯಾಸ ಇರುವವರಿಗೆ ಒಳ್ಳೆಯ ದಾರಿ. ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ, ಆ ಕಡೆಯವರು ಮೊದಲು ಅಲ್ಲಿ ವಿಚಾರಿಸಿ. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಹಸು, ಎಮ್ಮೆ, ಕುರಿಯದ್ದೇ ಕೆಲಸ ಜಾಸ್ತಿ. ಅಲ್ಲಿ ಹಲ್ಲಿನ ಮಿಷನ್, ಗ್ಯಾಸ್ ಸಿಗುವುದು ಕಷ್ಟ. ಆದರೆ ಬಾಯಿ ನೋಡಿ ಎಲ್ಲಿಗೆ ಹೋಗಬೇಕು ಅಂತ ಡಾಕ್ಟರ್ ಹೇಳಬಲ್ಲರು.

ಖರ್ಚು ಕಮ್ಮಿ ಮಾಡಲು ಸರಿಯಾದ ದಾರಿ ಯಾವುದು?

ಅರಿವಳಿಕೆಯೇ ದುಬಾರಿ ಅಂದಮೇಲೆ ಒಂದೇ ಅರಿವಳಿಕೆಯಲ್ಲಿ ಎರಡು ಕೆಲಸ ಮುಗಿಸುವುದು. ಸಂತಾನಹರಣ ಮಾಡಿಸುವುದಿದ್ದರೆ ಅದರ ಜೊತೆ ಹಲ್ಲೂ ನೋಡಿಸಿ. ಮೈಮೇಲೆ ಗಂಟು ತೆಗೆಯಬೇಕಿದ್ದರೆ ಅದೂ ಆಗಲಿ. ಎರಡು ಸಲ ಮಲಗಿಸುವ ಖರ್ಚೂ ತಪ್ಪುತ್ತೆ, ಎರಡು ಸಲದ ಆತಂಕವೂ ತಪ್ಪುತ್ತೆ.

ಮರಿ ಸಾಕಿದವರು ಇದನ್ನು ಮರೆಯಬೇಡಿ: ಸಣ್ಣ ತಳಿಗಳಲ್ಲಿ ಹಾಲುಹಲ್ಲು ಬೀಳದೆ ಉಳಿದುಬಿಡುವುದು ಜಾಸ್ತಿ. ಮರಿಗೆ ಇರುವುದು 28 ಹಾಲುಹಲ್ಲು, ಆರೇಳು ತಿಂಗಳಿಗೆ ಎಲ್ಲ ಬಿದ್ದು ಹೊಸದು ಬಂದಿರಬೇಕು. ಕೋರೆಹಲ್ಲಿನ ಜಾಗದಲ್ಲಿ ಜೋಡಿ ಹಲ್ಲು ಕಂಡರೆ, ಅಂದರೆ ದಪ್ಪದ್ದರ ಪಕ್ಕ ಸೂಜಿಯಂಥದ್ದು ಇನ್ನೊಂದು ಇದ್ದರೆ, ಡಾಕ್ಟರ್‌ಗೆ ತೋರಿಸಿ. ಆ ಸಂದಿಯಲ್ಲೇ ಮೊದಲು ಕೊಳೆ ಕಟ್ಟುವುದು. ಸಂತಾನಹರಣದ ದಿನವೇ ಅದನ್ನೂ ತೆಗೆಸಿದರೆ ಮುಗಿಯಿತು.

ಇನ್ನೊಂದು, ಬೇಗ ಮಾಡಿಸುವುದು. ನಾನು ಒಂದೂವರೆ ವರ್ಷ ಮೊದಲು ಸರಿಯಾದ ಕಡೆ ಹೋಗಿದ್ದರೆ ಆ 3,700 ಕೊಡಬೇಕಾಗಿರಲಿಲ್ಲವೇನೋ.

ಇನ್ಶೂರೆನ್ಸ್ ಬರುತ್ತಾ? ಜಿಎಸ್‌ಟಿ ಹಾಕ್ತಾರಾ?

ನಮ್ಮಲ್ಲಿ ಸಿಗುವ ನಾಯಿ ಪಾಲಿಸಿಗಳಲ್ಲಿ ಮಾಮೂಲಿ ಹಲ್ಲು ಕ್ಲೀನಿಂಗನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಅಪಘಾತದಲ್ಲಿ ಹಲ್ಲು ಮುರಿದರೆ ಬೇರೆ ವಿಷಯ, ಪಾಲಿಸಿ ಕಾಗದದಲ್ಲಿ ಏನು ಬರೆದಿದೆ ನೋಡಿ. ಪ್ರಾಣಿಗಳ ಆರೋಗ್ಯಕ್ಕೆ ಸಂಬಂಧಿಸಿದ ಕ್ಲಿನಿಕ್ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಕನ್ಸಲ್ಟೇಶನ್, ಸ್ಕೇಲಿಂಗ್ ಮೇಲೆ ತೆರಿಗೆ ಸೇರಿಸಿದ್ದರೆ ಯಾಕೆ ಅಂತ ಕೇಳಬಹುದು. ಗ್ರೂಮಿಂಗ್‌ಗೆ ಈ ವಿನಾಯಿತಿ ಇಲ್ಲ.

ಅಮೆರಿಕದಲ್ಲಿ ಎಷ್ಟಂತೆ?

ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗನ ಮಾಲ್ಟೀಸ್‌ಗೆ ಎಕ್ಸ್‌ರೇ ಸೇರಿ 900 ಡಾಲರ್ ಎಸ್ಟಿಮೇಟ್ ಕೊಟ್ಟಿದ್ದರು, ಕೀಳುವುದು ಬೇರೆ. ಅಲ್ಲಿ ಫೆಬ್ರವರಿಯನ್ನು ಸಾಕುಪ್ರಾಣಿಗಳ ಹಲ್ಲಿನ ತಿಂಗಳು ಅಂತ ಆಚರಿಸುತ್ತಾರೆ, ಎಷ್ಟೋ ಕ್ಲಿನಿಕ್‌ಗಳು ಆಗ ಡಿಸ್ಕೌಂಟ್ ಕೊಡುತ್ತವೆ. ಅವನು ಫೆಬ್ರವರಿ ತನಕ ಕಾದ. ನಾಯಿಗೆ ನೋವಿದ್ದರೆ ಹಾಗೆ ಕಾಯಬೇಡಿ.

ಎಷ್ಟು ವರ್ಷಕ್ಕೊಮ್ಮೆ ಮಾಡಿಸಬೇಕು?

ನಾಯಿಯ ಬಾಯಿ ನೋಡಿ ಡಾಕ್ಟರ್ ಹೇಳಬೇಕು. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘದ 2019ರ ಮಾರ್ಗಸೂಚಿ, ಸಣ್ಣ ಮತ್ತು ಮಧ್ಯಮ ಗಾತ್ರದ ನಾಯಿಗಳಿಗೆ ಒಂದು ವರ್ಷ ತುಂಬುವಾಗಲೇ ಮೊದಲ ಸಲ ಅರಿವಳಿಕೆ ಕೊಟ್ಟು ಹಲ್ಲು ನೋಡಿಸಿ ಅನ್ನುತ್ತೆ. ನಮ್ಮ ಕಡೆ ಅಷ್ಟು ಬೇಗ ಮಾಡಿಸುವವರನ್ನು ನಾನು ನೋಡಿಲ್ಲ. ಕಡ್ಲೆಗೆ ವರ್ಷಕ್ಕೊಮ್ಮೆ ತೋರಿಸಿ, ಬೇಕಾದರೆ ಮಾತ್ರ ಮಾಡೋಣ ಅಂದಿದ್ದಾರೆ.

ಬಾಯಿ ವಾಸನೆ ‘ನಾಯಿ ಅಂದಮೇಲೆ ಇದ್ದದ್ದೇ’ ಅಂತ ಬಿಡಬೇಡಿ. ಒಂದೇ ಕಡೆ ಅಗಿಯುವುದು, ಬಿಸ್ಕತ್ತು ಬಾಯಿಂದ ಬೀಳಿಸುವುದು, ಆಟದ ಸಾಮಾನಿನ ಮೇಲೆ ರಕ್ತದ ಕಲೆ, ಒಂದೇ ಮೂಗಿನ ಹೊಳ್ಳೆಯಿಂದ ಸೋರುವುದು, ಇವೆಲ್ಲ ಹಲ್ಲಿನ ಲಕ್ಷಣ ಇರಬಹುದು. ಊಟ ಮಾಡುತ್ತಿದೆ ಅಂದಮಾತ್ರಕ್ಕೆ ನೋವಿಲ್ಲ ಅಂತ ಅಲ್ಲ. ಕಡ್ಲೆ ಕೀವು ತುಂಬಿದ ಹಲ್ಲಿಟ್ಟುಕೊಂಡು ಒಂದು ಹೊತ್ತೂ ಊಟ ಬಿಟ್ಟಿರಲಿಲ್ಲ.

ಮೂಳೆ ಕೊಟ್ಟರೆ ತಾನೇ ಕ್ಲೀನ್ ಆಗುತ್ತೆ ಅಂತಾರೆ. ಬೇವಿನ ಕಡ್ಡಿ? ಉಪ್ಪು, ಅರಿಶಿನ?

ಗಟ್ಟಿ ಮೂಳೆ ಕಡಿದು ಆ ದೊಡ್ಡ ದವಡೆ ಹಲ್ಲು ಸೀಳಿಕೊಂಡು ಬರುವ ನಾಯಿಗಳು ಬೇಕಾದಷ್ಟಿವೆ. ಬೇಯಿಸಿದ ಮೂಳೆ ಚೂರಾಗಿ ಗಂಟಲಿಗೆ, ಕರುಳಿಗೆ ಚುಚ್ಚುವುದು ಇನ್ನೊಂದು ಕಷ್ಟ. ಕಡಿಯಲು ಏನೇ ಕೊಡಿ, ಮೊದಲು ನಿಮ್ಮ ಉಗುರಿನಿಂದ ಒತ್ತಿ. ಸ್ವಲ್ಪವೂ ತಗ್ಗು ಬೀಳದಿದ್ದರೆ ಅದು ಹಲ್ಲಿಗೆ ಜಾಸ್ತಿ ಗಟ್ಟಿ.

ಉಪ್ಪು, ಅಡುಗೆ ಸೋಡಾ ಬೇಡ, ನಾಯಿ ಉಗುಳಲ್ಲ, ಎಲ್ಲ ನುಂಗುತ್ತೆ. ಅದೇ ಕಾರಣಕ್ಕೆ ನಮ್ಮ ಪೇಸ್ಟ್ ಕೂಡ ಬೇಡ, ಕೆಲವದರಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ಇರುತ್ತೆ, ಅದು ನಾಯಿಗೆ ವಿಷ. ಬೇವಿನ ಕಡ್ಡಿ ಮಾವ ಪ್ರಯತ್ನ ಮಾಡಿದ್ದರು. ಕಡ್ಲೆ ಅದನ್ನು ಕಿತ್ತುಕೊಂಡು ಹೋಗಿ ಸೋಫಾ ಕೆಳಗೆ ಬಚ್ಚಿಟ್ಟ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

ಬ್ರಶ್. ಬೇರೆ ಅಡ್ಡದಾರಿ ಇಲ್ಲ. ಹಲ್ಲಿನ ಮೇಲಿನ ಮೆತ್ತನೆ ಕೊಳೆ ಎರಡು ಮೂರು ದಿನದಲ್ಲೇ ಎಂಜಲಿನ ಖನಿಜ ಸೇರಿ ಗಟ್ಟಿಯಾಗುತ್ತೆ. ಗಟ್ಟಿಯಾದ ಮೇಲೆ ಬ್ರಶ್‌ಗೆ ಬರಲ್ಲ. ಹಾಗಾಗಿ ವಾರಕ್ಕೊಮ್ಮೆ ಉಜ್ಜಿದರೆ ಸಾಲದು, ದಿನಾ ಆಗಬೇಕು.

ನಾವು ಮಾಡಿದ್ದು ಹೀಗೆ. ಮೊದಲ ನಾಲ್ಕು ದಿನ ನಾಯಿ ಪೇಸ್ಟನ್ನು ಬೆರಳಿನಿಂದ ನೆಕ್ಕಿಸಿದೆವು, ಚಿಕನ್ ರುಚಿ, ಅವನಿಗೆ ಅದು ತಿಂಡಿ. ಆಮೇಲೆ ತುಟಿ ಎತ್ತಿ ಬೆರಳಲ್ಲೇ ಸವರಿದೆವು. ಎರಡನೇ ವಾರ ಚಿಕ್ಕ ಮಕ್ಕಳ ಮೆತ್ತನೆ ಬ್ರಶ್. ಹೊರಗಿನ ಭಾಗ ಮಾತ್ರ ಉಜ್ಜಿದರೆ ಸಾಕು, ಬಾಯಿ ಅಗಲಿಸಲು ಹೋಗಬೇಡಿ, ಅಲ್ಲೇ ಜಗಳ ಶುರುವಾಗುವುದು. ಬ್ರಶ್ಶನ್ನು ವಸಡಿನ ಕಡೆ ಸ್ವಲ್ಪ ಓರೆ ಹಿಡಿದು ಒಂದೊಂದು ಬದಿಗೆ ಅರ್ಧ ನಿಮಿಷ. ರಾತ್ರಿ ಊಟ ಆದ ಮೇಲೆ ನಾನು ಅವನ ಡಬ್ಬಿ ಸದ್ದು ಮಾಡಿದರೆ ಈಗ ತಾನೇ ಬಂದು ಮಡಿಲಲ್ಲಿ ಕೂರುತ್ತಾನೆ. ಒಂದು ಟ್ಯೂಬಿಗೆ ಮುನ್ನೂರು ನಾನೂರು ರೂಪಾಯಿ, ಎರಡು ತಿಂಗಳು ಬರುತ್ತೆ.

ಹಲ್ಲಿಗೆ ಒಳ್ಳೆಯದು ಅಂತ ಮಾರುವ ಅಗಿಯುವ ಕಡ್ಡಿಗಳಲ್ಲಿ ವಿಒಎಚ್‌ಸಿ (VOHC) ಮುದ್ರೆ ಇದೆಯಾ ನೋಡಿ. 1997ರಲ್ಲಿ ಶುರುವಾದ, ಪ್ರಾಣಿಗಳ ಬಾಯಿ ಆರೋಗ್ಯದ ಮಂಡಳಿ ಅದು, ಕೊಳೆ ಅಥವಾ ಟಾರ್ಟರ್ ಕಮ್ಮಿ ಮಾಡುತ್ತೆ ಅಂತ ಪರೀಕ್ಷೆಯಲ್ಲಿ ತೋರಿಸಿದ ವಸ್ತುಗಳಿಗೆ ಮಾತ್ರ ಮುದ್ರೆ ಕೊಡುತ್ತೆ. ಪ್ಯಾಕೆಟ್ ಮೇಲೆ ಹಲ್ಲಿನ ಚಿತ್ರ ಯಾರು ಬೇಕಾದರೂ ಹಾಕಬಹುದು.

ಮಾಡಿಸುವ ದಿನ ಹೇಗಿರುತ್ತೆ?

ಹಿಂದಿನ ರಾತ್ರಿ ಒಂಬತ್ತಕ್ಕೆ ಊಟ, ಆಮೇಲೆ ನೀರು ಮಾತ್ರ. ಒಂದೂವರೆ ಎರಡು ಕೆಜಿ ಮರಿಗಳಿಗೆ ಇಷ್ಟು ಹೊತ್ತು ಉಪವಾಸ ಹಾಕಿದರೆ ಸಕ್ಕರೆ ಅಂಶ ಇಳಿಯಬಹುದು, ಅವಕ್ಕೆ ಡಾಕ್ಟರ್ ಹೇಳಿದಷ್ಟೇ. ಬೆಳಗ್ಗೆ ಒಂಬತ್ತೂವರೆಗೆ ಬಿಟ್ಟು ಬಂದೆವು, ಹನ್ನೊಂದೂವರೆಗೆ ‘ನಾಲ್ಕು ಹಲ್ಲು ಕೀಳಬೇಕು’ ಅಂತ ಫೋನ್, ಸಂಜೆ ನಾಲ್ಕಕ್ಕೆ ಮನೆ.

ಮೊದಲ ರಾತ್ರಿ ಚೂರು ಕಷ್ಟವೇ. ತೂಗಾಡುತ್ತಿದ್ದ, ಸುಮ್ನೆ ಕುಂಯ್‌ಗುಡುತ್ತಿದ್ದ, ಕಿವಿ ತಣ್ಣಗಿತ್ತು. ನೆಲದ ಮೇಲೆ ಕಂಬಳಿ ಹಾಸಿ ನಾನೂ ಪಕ್ಕದಲ್ಲೇ ಮಲಗಿದೆ, ಸೋಫಾ ಹತ್ತಲು ಬಿಡಲಿಲ್ಲ. ಎಂಜಲಿನಲ್ಲಿ ಸ್ವಲ್ಪ ಗುಲಾಬಿ ಬಣ್ಣ ಇದ್ದರೆ ಗಾಬರಿ ಬೇಡ, ಕೆಂಪಗೆ ತೊಟ್ಟಿಕ್ಕಿದರೆ ಫೋನ್ ಮಾಡಿ. ನೋವಿನ ಔಷಧಿ ಅವರು ಕೊಟ್ಟದ್ದೇ ಹಾಕಿ. ಮನೆಯಲ್ಲಿರುವ ನಮ್ಮ ಮಾತ್ರೆ ಅರ್ಧ ಮುರಿದು ಹಾಕುವ ಕೆಲಸ ಬೇಡ, ಐಬುಪ್ರೊಫೇನ್ ಅಂಥವು ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತವೆ.

ಹಲ್ಲು ಕಿತ್ತ ಮೇಲೆ ಏನು ತಿನ್ನುತ್ತೆ ಪಾಪ?

ಡಾಕ್ಟರ್ ಹತ್ತು ದಿನ ಮೆತ್ತಗಿನ ಊಟ ಅಂದಿದ್ದರು. ಮೊದಲ ರಾತ್ರಿ ಎರಡು ಚಮಚ ಮೊಸರನ್ನ, ಮರುದಿನದಿಂದ ಅನ್ನ, ಬೇಯಿಸಿ ಕಿವುಚಿದ ಕೋಳಿ, ಮೂಳೆ ಇಲ್ಲದ್ದು. ಮೂರನೇ ದಿನ ಅಮ್ಮ ತಟ್ಟೆ ಇಟ್ಟು ನೀರು ತರಲು ಎದ್ದು ಹೋದರು. ಬರುವಷ್ಟರಲ್ಲಿ ಸಾಗುವಿನಲ್ಲಿ ನೆನೆದ ಅರ್ಧ ಚಪಾತಿ ಕಾಣೆಯಾಗಿತ್ತು, ಕಡ್ಲೆ ಸೋಫಾ ಕೆಳಗಿದ್ದ. ‘38 ಹಲ್ಲಲ್ಲೇ ಇಷ್ಟು’ ಅಂದರು ಅಮ್ಮ.